ಬಿಜಾಪುರದ ಹುಡುಗರ ಹಾಡಿನ ಚಿತ್ರ: ದನಿ ಮೊದಲು, ಕ್ಯಾಮೆರಾ ಆಮೇಲೆ

1996ರ ಬಿಜಾಪುರ. ಪಿಯುಸಿ ಓದುವ ನಾಲ್ವರು ಗೆಳೆಯರು, ಒಂದು ಪೇಟಿ (ಹಾರ್ಮೋನಿಯಂ), ಒಂದು ಜೋಡಿ ತಬಲಾ, ಬರದ ಊರುಗಳಿಗೆ ನೀರು ಬರಲೇಬೇಕೆಂದು ಅವರೇ ಕಟ್ಟಿದ ಹಾಡು. ಇಂಥ ಚಿತ್ರದಲ್ಲಿ ಹಾಡು ನಂಬಿಕೆ ಹುಟ್ಟಿಸದಿದ್ದರೆ ಗೆಳೆತನವನ್ನೂ ಯಾರೂ ನಂಬುವುದಿಲ್ಲ. ಅದಕ್ಕೇ ನಾವು ಚಿತ್ರೀಕರಣಕ್ಕೆ ಮುಂಚೆ ಹಾಡು ಮುಗಿಸಿದೆವು, ಅದೂ ತೆರೆಯ ಮೇಲಿರುವ ಹುಡುಗ ಹುಡುಗಿಯರ ಗಂಟಲಲ್ಲೇ. ನುರಿತ ಹಿನ್ನೆಲೆ ಗಾಯಕರ ದನಿ ಹದಿನೇಳರ ಬಾಯಿಗೆ ಕೂರುವುದಿಲ್ಲ. ಅವರು ಉಸಿರು ಎಳೆಯುವ ಜಾಗವೇ ಬೇರೆ.

ಮೊದಲ ತೊಡಕು ಶ್ರುತಿಯದು. ಹುಡುಗರಿಗೆ ಕರಿ ಒಂದು (ಪೇಟಿಯ ಮೊದಲ ಕರಿ ಮನೆ) ಹಿತ, ಹುಡುಗಿಯರಿಗೆ ಕರಿ ನಾಲ್ಕು. ನಡುವಿನದೊಂದು ಆರಿಸಿದರೆ ಇಬ್ಬರಿಗೂ ಕಷ್ಟ. ಕರಿ ಒಂದನ್ನೇ ಷಡ್ಜ, ಅಂದರೆ ಆಧಾರ ಸ್ವರ, ಇಟ್ಟುಕೊಂಡು, ಹುಡುಗರ ಸಾಲುಗಳನ್ನು ಕೆಳಗಿನ ಸ್ಥಾಯಿಯ ಮಂದ್ರ ಪಂಚಮದಿಂದ ಮಧ್ಯ ಪಂಚಮದೊಳಗೆ, ಹುಡುಗಿಯರ ಸಾಲುಗಳನ್ನು ಮಧ್ಯ ಪಂಚಮದಿಂದ ಮೇಲಿನ ಸ್ಥಾಯಿಯ ತಾರ ಗಾಂಧಾರದವರೆಗೆ ಕಟ್ಟಿದೆವು. ಪಲ್ಲವಿಯಲ್ಲಿ ಎಲ್ಲರೂ ಪಂಚಮದಲ್ಲಿ ಕೂಡುತ್ತಾರೆ. ಕೇಳುವವರ ಮೈ ಜುಮ್ಮೆನ್ನುವುದು ಅಲ್ಲೇ. ಪೇಟಿಗೆ ಮೈಕು ಒಂದೂವರೆ ಅಡಿ ದೂರ, ಗಾಳಿ ತುಂಬುವ ತಿದಿಯ ಕಡೆಗಲ್ಲ. ಹತ್ತಿರ ತಂದರೆ ತಿದಿಯ ಕಿರುಗುಟ್ಟುವಿಕೆ ಸ್ವರಕ್ಕಿಂತ ಮುಂದೆ ಬರುತ್ತದೆ. ಧ್ವನಿಮುದ್ರಣದ ಸ್ಯಾಂಪಲ್ ದರ (ಸೆಕೆಂಡಿಗೆ ಎಷ್ಟು ಸಲ ದನಿಯನ್ನು ಅಳೆಯುತ್ತೇವೆ ಎಂಬುದು) 48 ಕಿಲೋಹರ್ಟ್ಸ್‌ನಲ್ಲೇ ಇರಲಿ. 44.1ರಲ್ಲಿ ಮಾಡಿದ್ದನ್ನು ಸರಿಯಾಗಿ ಪರಿವರ್ತಿಸದೆ 48 ಎಂದು ನುಡಿಸಿದರೆ ಹಾಡು ಸುಮಾರು ಶೇ 9ರಷ್ಟು ಹೆಚ್ಚು ವೇಗದಲ್ಲಿ ಓಡುತ್ತದೆ.

ಫ್ರೇಮ್ ವೇಗವನ್ನು ಮೊದಲ ದಿನವೇ ತೀರ್ಮಾನಿಸಬೇಕು. ಚಿತ್ರಮಂದಿರಕ್ಕೆ ಹೋಗುವುದಿದ್ದರೆ ಸೆಕೆಂಡಿಗೆ 24. 25ರಲ್ಲಿ ತೆಗೆದು ಆಮೇಲೆ 24ಕ್ಕೆ ನಿಧಾನಿಸಿದರೆ ಹಾಡು ಶೇ 4ರಷ್ಟು ಎಳೆದು, ಶ್ರುತಿ ಮುಕ್ಕಾಲು ಸ್ವರಸ್ಥಾನದಷ್ಟು ಇಳಿಯುತ್ತದೆ. ಪೇಟಿಯ ಕಿವಿ ಇದ್ದವರಿಗೆ ತಕ್ಷಣ ಗೊತ್ತಾಗುತ್ತದೆ. ಷಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಕಾಲೇಜು ಕೋಣೆಯ ಟ್ಯೂಬ್‌ಲೈಟು ಮಿನುಗುವುದಿಲ್ಲ. ನಿಧಾನಗತಿಯಲ್ಲೂ ತುಟಿ ಕೂಡಬೇಕಾದರೆ ಹಾಡನ್ನು ಎರಡು ಪಟ್ಟು ವೇಗದಲ್ಲಿ ನುಡಿಸಿ 48 ಫ್ರೇಮಿನಲ್ಲಿ, 1/100 ಷಟರಿನಲ್ಲಿ ತೆಗೆಯಿರಿ. ಆ ವೇಗಕ್ಕೆ ಹುಡುಗರು ಮುಂಚೆಯೇ ಪಳಗಿರಬೇಕು.

ಚಿತ್ರೀಕರಣದಲ್ಲಿ ನುಡಿಸುವ ಹಾಡಿನ ಮುಂದೆ ಒಂದೊಂದು ಸೆಕೆಂಡಿಗೆ ಒಂದರಂತೆ ಮೂರು ಬೀಪ್, ನಾಲ್ಕನೆಯದಕ್ಕೆ ಸಮ, ಅಂದರೆ ತಾಳದ ಮೊದಲ ಪೆಟ್ಟು. ಸ್ಪೀಕರಿಗೆ ತಂತಿ ಇರಲಿ. ಬ್ಲೂಟೂತ್ ತಡ ಮಾಡುತ್ತದೆ, ಆ ತಡವೂ ಉಪಕರಣದಿಂದ ಉಪಕರಣಕ್ಕೆ ಬೇರೆ. ಕ್ಯಾಮೆರಾ ದೂರವಿದ್ದಾಗ ಅದರ ಮೈಕನ್ನು ನಂಬಿ ಜೋಡಿಸಬೇಡಿ. 17 ಮೀಟರ್ ದಾಟಲು ಶಬ್ದಕ್ಕೆ 50 ಮಿಲಿಸೆಕೆಂಡ್ ಬೇಕು, ಅದು ಒಂದು ಫ್ರೇಮಿಗಿಂತ ಹೆಚ್ಚು. ಕ್ಲ್ಯಾಪ್ ಹಲಗೆ ಮುಚ್ಚಿದ ಫ್ರೇಮನ್ನು ಕಣ್ಣಲ್ಲಿ ನೋಡಿಯೇ ಕೂಡಿಸಿ.

ಗೋಳಗುಮ್ಮಟದೊಳಗೆ ಈ ಲೆಕ್ಕವೆಲ್ಲ ಬದಲಾಗುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣದ ಅನುಮತಿಗೆ ಬಹಳ ಮುಂಚೆ ಅರ್ಜಿ ಹಾಕಬೇಕು. ಒಳಗೆ ಸ್ಪೀಕರ್ ಹಚ್ಚಿದರೆ ಪ್ರತಿಧ್ವನಿಯ ಮೇಲೆ ಪ್ರತಿಧ್ವನಿ ಬಿದ್ದು ತಾಳ ಎಲ್ಲಿದೆಯೆಂದೇ ತಿಳಿಯದು. ಹಾಡುವವರ ಒಂದು ಕಿವಿಗೆ ಸಣ್ಣ ಇಯರ್‌ಫೋನ್ ಇಟ್ಟು, ಬಾಯಷ್ಟೇ ಆಡಿಸಿ ಚಿತ್ರಿಸುವುದು ಸರಿ. ಗುಮ್ಮಟದ ದನಿಯನ್ನು ಪ್ರತ್ಯೇಕವಾಗಿ ತನ್ನಿ: ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ, ಪ್ರವಾಸಿಗರ ಕೂಗು ಶುರುವಾಗುವ ಮೊದಲು, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಂದೇ ಚಪ್ಪಾಳೆ ತಟ್ಟಿ ಪೂರ್ತಿ ಅಡಗುವವರೆಗೆ ಮುದ್ರಿಸಿ. ಆ ಮುದ್ರಣವನ್ನು ಕನ್ವೊಲ್ಯೂಷನ್ ರಿವರ್ಬ್‌ಗೆ (ಒಂದು ಜಾಗದ ಅನುರಣನವನ್ನು ಬೇರೆ ದನಿಗೆ ಹಚ್ಚುವ ತಂತ್ರಾಂಶ) ಕೊಟ್ಟರೆ ಸ್ಟುಡಿಯೋದ ಹಾಡು ಗುಮ್ಮಟದಲ್ಲೇ ಹಾಡಿದಂತಾಗುತ್ತದೆ. ಪಲ್ಲವಿಯ ಕೊನೆಯ ಅಕ್ಷರಕ್ಕೆ ಮಾತ್ರ ಹಾಕಿ. ಇಡೀ ಹಾಡಿಗೆ ಹಾಕಿದರೆ ಸಾಹಿತ್ಯ ಕರಗಿಹೋಗುತ್ತದೆ.

ಕಾಲಮಾನದಲ್ಲಿ ನಾವು ತುಂಬಾ ಹಟ ಹಿಡಿದೆವು. ವಿಜಯಪುರ ಎಂಬ ಅಧಿಕೃತ ಹೆಸರು ಬಂದದ್ದು 2014ರ ನವೆಂಬರ್ 1ಕ್ಕೆ, ಹಾಗಾಗಿ ಫಲಕಗಳೆಲ್ಲ ಬಿಜಾಪುರ. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಮುಧೋಳದ ಹುಡುಗ ಬರೆಯುವ ಇನ್‌ಲ್ಯಾಂಡ್ ಪತ್ರದ ಮೇಲೂ ‘ಜಿ. ಬಿಜಾಪುರ’ ಇರಬೇಕು. ಬಸ್ಸಿನ ಮೇಲೆ ಈಗಿನ ಪ್ರಾದೇಶಿಕ ನಿಗಮಗಳ ಹೆಸರು ಬೇಡ, ಕೆಎಸ್ಸಾರ್ಟಿಸಿ ಸಾಕು. ಟೇಪ್ ರೆಕಾರ್ಡರಿನ ದೃಶ್ಯದಲ್ಲಿ ಯಂತ್ರ ತಿರುಗಲಿ, ಆದರೆ ದನಿ ಮುಚ್ಚಿರಲಿ. ಹಳೆಯ ಬೆಲ್ಟು ಸಡಿಲಾಗಿ ವೇಗ ತೂಗಾಡುತ್ತದೆ, ಎರಡು ಟೇಕುಗಳನ್ನು ಕತ್ತರಿಸಿ ಕೂಡಿಸುವಾಗ ಶ್ರುತಿ ಹೊಂದುವುದಿಲ್ಲ. ಹಾಡನ್ನು ಸಂಕಲನದ ಮೇಜಿನ ಮೇಲೆ ಸೇರಿಸಿ, ಮೇಲಿನ ಮತ್ತು ಕೆಳಗಿನ ಆವರ್ತನಗಳನ್ನು ಇಳಿಸಿ, ಟೇಪಿನ ಹಿಸ್ ಎಂಬ ಸುಯ್ ಸದ್ದನ್ನು ತೆಳುವಾಗಿ ಹಾಕಿದೆವು.