ಬಿಸಿಯಿರುವಾಗಲೇ ಅದಿರಿನ ಹರಳು ಓದುವುದು ಹೇಗೆ?

ಸಂಡೂರು ಗುಡ್ಡಗಳ ಗಟ್ಟಿ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಅದಿರು ಲ್ಯಾಬ್‌ನವರನ್ನು ಅಷ್ಟಾಗಿ ಕಾಡುವುದಿಲ್ಲ. ಕಾಡುವುದು ಗೋಥೈಟ್ (ನೀರು ಹಿಡಿದಿಟ್ಟ ಕಬ್ಬಿಣದ ಖನಿಜ) ಬೆರೆತ ಹಳದಿ-ಕಂದು ಫೈನ್ಸ್, ಅಂದರೆ ಅದಿರಿನ ಪುಡಿ. ಶುದ್ಧ ಗೋಥೈಟ್‌ನ ತೂಕದಲ್ಲಿ ಶೇ 10ರಷ್ಟು ಬರೀ ನೀರು. ಅದು ಎಷ್ಟು ಡಿಗ್ರಿಗೆ ಬಿಡುತ್ತದೆ, ಬಿಟ್ಟ ಮೇಲೆ ಹರಳು ಏನಾಗುತ್ತದೆ ಎಂಬುದನ್ನು ಎಲ್‌ಒಐ (ಕಾಯಿಸಿದಾಗ ಕಳೆದುಹೋಗುವ ತೂಕ) ಅಂಕಿ ಹೇಳುವುದಿಲ್ಲ. ಕಾಯಿಸಿ ತಣಿಸಿದ ಪುಡಿಯ ಎಕ್ಸ್‌ಆರ್‌ಡಿಯೂ (ಹರಳು ಎಕ್ಸ್-ರೇಯನ್ನು ಯಾವ ಕೋನಗಳಿಗೆ ಚದುರಿಸುತ್ತದೆಂದು ಓದುವ ಪರೀಕ್ಷೆ) ಪೂರ್ತಿ ಹೇಳದು: ಅದಿರಿನಲ್ಲಿರುವ ಬೆಣಚು (ಕ್ವಾರ್ಟ್ಜ್) 573 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೂಪ ಬದಲಿಸಿ, ತಣಿಯುವಾಗ ಮತ್ತೆ ಹಳೆಯ ರೂಪಕ್ಕೇ ಬಂದುಬಿಡುತ್ತದೆ. ಹೀಗಾಗಿ ಕಾಯುತ್ತಿರುವಾಗಲೇ ಎಕ್ಸ್-ರೇ ಹಾಯಿಸಬೇಕು. ಅದಕ್ಕೆ ಬೇಕಾದದ್ದು ಈ ಪರೀಕ್ಷೆಯ ಯಂತ್ರವಾದ ಡಿಫ್ರಾಕ್ಟೋಮೀಟರ್‌ಗೆ ಕೂರಿಸುವ ಹೀಟಿಂಗ್ ಚೇಂಬರ್.

ಮೊದಲು ಟ್ಯೂಬ್ ನೋಡಿ

ಬಹುತೇಕ ಯಂತ್ರಗಳಲ್ಲಿರುವುದು ಎಕ್ಸ್-ರೇ ಹುಟ್ಟಿಸುವ ತಾಮ್ರದ ಟ್ಯೂಬ್. ತಾಮ್ರದ ಕಿರಣ ಬಿದ್ದರೆ ಕಬ್ಬಿಣ ತಾನೇ ಎಕ್ಸ್-ರೇ ಹೊಮ್ಮಿಸತೊಡಗುತ್ತದೆ. ಹಿನ್ನೆಲೆ ಮೇಲೆದ್ದು, ಗ್ರಾಫಿನಲ್ಲಿ ಹರಳನ್ನು ಗುರುತಿಸುವ ಸಣ್ಣ ಪೀಕ್‌ಗಳು ಮುಳುಗುತ್ತವೆ. ಕೋಬಾಲ್ಟ್ ಟ್ಯೂಬ್ ಇದ್ದರೆ ಅದನ್ನೇ ಹಾಕಿ. ಇಲ್ಲದಿದ್ದರೆ ಮೋನೋಕ್ರೋಮೇಟರ್ (ಒಂದೇ ತರಂಗಾಂತರದ ಕಿರಣ ಬಿಡುವ ಸಾಧನ) ಅಥವಾ ಶಕ್ತಿ ಆಯ್ದು ಎಣಿಸುವ ಡಿಟೆಕ್ಟರ್ ಬೇಕೇ ಬೇಕು. ಮುಂದೆ ಪೀಕ್ ಸ್ಥಾನಕ್ಕೆ ಕೊಟ್ಟಿರುವ ಡಿಗ್ರಿಗಳು ಉಷ್ಣತೆಯಲ್ಲ, ಕೋನ (2θ); ಅವೆಲ್ಲ ಕೋಬಾಲ್ಟ್‌ಗೆ ಸಂಬಂಧಿಸಿದವು.

ಪುಡಿ

105 ಡಿಗ್ರಿಯಲ್ಲಿ ಒಣಗಿಸಿ, ಅಗೇಟ್ ಕುಟ್ಟಾಣಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಅರೆಯಿರಿ. ಒಣದಾಗಿ ಜೋರಾಗಿ ಅರೆದರೆ ಗೋಥೈಟ್ ಹರಳೇ ಕೆಡುತ್ತದೆ. 400 ಮೆಶ್ ಜರಡಿಯಲ್ಲಿ ಇಳಿದರೆ ಆರಂಭಕ್ಕೆ ಸಾಕು. 10 ಮೈಕ್ರಾನ್‌ವರೆಗೆ ಹೋದರೆ ಉತ್ತಮ. ಅದೇ ಆಲ್ಕೋಹಾಲ್‌ನಲ್ಲಿ ನೀರುದೋಸೆ ಹಿಟ್ಟಿನ ಹದಕ್ಕೆ ಕಲಸಿ, ಚೇಂಬರ್‌ನಲ್ಲಿ ಕಾಯುವ ಪ್ಲಾಟಿನಂ ಪಟ್ಟಿಯ ಮೇಲೆ 0.2ರಿಂದ 0.3 ಮಿ.ಮೀ. ದಪ್ಪಕ್ಕೆ ಹರಡಿ, ಆರಲು ಬಿಡಿ. ದಪ್ಪ ಹೆಚ್ಚಾದರೆ ತಳ ಕಾದರೂ ಮೇಲ್ಮೈ ಕಾಯುವುದಿಲ್ಲ, ಹೊರಬರುವ ಆವಿ ಪದರವನ್ನು ಬಿರುಕು ಬಿಡಿಸುತ್ತದೆ. ತೀರ ತೆಳುವಾದರೆ 46.5 ಡಿಗ್ರಿಯ ಹತ್ತಿರ ಪ್ಲಾಟಿನಂನದೇ ಪೀಕ್ ಎದ್ದು ನಿಲ್ಲುತ್ತದೆ.

ಪರದೆಯ ಮೇಲಿನ ಉಷ್ಣತೆ ನಂಬಬೇಡಿ

ಥರ್ಮೋಕಪಲ್ (ಉಷ್ಣತೆ ಅಳೆಯುವ ತಂತಿ) ಅಂಟಿರುವುದು ಪಟ್ಟಿಯ ಅಡಿಗೆ. ಎಕ್ಸ್-ರೇ ಓದುವುದು ಪುಡಿಯ ಮೇಲ್ಮೈ. ನಡುವೆ ಹತ್ತಾರು ಡಿಗ್ರಿ ಅಂತರ ಇರಬಹುದು. ಅದನ್ನು ಅಳೆಯದೆ ಅದಿರಿಗೆ ಕೈ ಹಾಕುವುದು ವ್ಯರ್ಥ. ಶುದ್ಧ ಬೆಣಚಿನ ಪುಡಿಯನ್ನು ಅಷ್ಟೇ ದಪ್ಪಕ್ಕೆ ಹರಡಿ, 540ರಿಂದ 640ರವರೆಗೆ 5 ಡಿಗ್ರಿಗೊಮ್ಮೆ ನಿಲ್ಲಿಸಿ 31 ಡಿಗ್ರಿ ಆಸುಪಾಸಿನ ದೊಡ್ಡ ಪೀಕ್‌ನ ಸ್ಥಾನ ಗುರುತಿಸಿ. ರೂಪ ಬದಲಾಗುವವರೆಗೆ ಅದು ಕೆಳಕೋನಕ್ಕೆ ಜಾರುತ್ತಲೇ ಇರುತ್ತದೆ, ಬದಲಾದ ಮೇಲೆ ಹೆಚ್ಚುಕಡಿಮೆ ನಿಂತುಬಿಡುತ್ತದೆ. ಗ್ರಾಫ್ ಬಾಗಿದಾಗ ಪರದೆ 590 ತೋರುತ್ತಿದ್ದರೆ ನಿಮ್ಮ ಯಂತ್ರ ಅಲ್ಲಿ 17 ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದರ್ಥ. ಕೆಳಗಿನ ಉಷ್ಣತೆಗೆ ಪೊಟ್ಯಾಷಿಯಂ ನೈಟ್ರೇಟ್ ಆಗುತ್ತದೆ, ಅದು 130ರ ಹತ್ತಿರ ರೂಪ ಬದಲಿಸುತ್ತದೆ.

ಎತ್ತರದ ಮೋಸ

ಪೀಕ್ ಜರುಗಲು ಹರಳು ಹಿಗ್ಗುವುದೊಂದೇ ಕಾರಣವಲ್ಲ. 700 ಡಿಗ್ರಿ ಏರಿಕೆಗೆ ಹೆಮಟೈಟ್‌ನ ಮುಖ್ಯ ಪೀಕ್ ಸುಮಾರು ಕಾಲು ಡಿಗ್ರಿ ಜರುಗುತ್ತದೆ. 240 ಮಿ.ಮೀ. ತ್ರಿಜ್ಯದ ಯಂತ್ರದಲ್ಲಿ ಪುಡಿ ಬರೀ 0.1 ಮಿ.ಮೀ. ಕುಸಿದರೂ 0.045 ಡಿಗ್ರಿ ಅದೇ ದಿಕ್ಕಿಗೆ ಜರುಗುತ್ತದೆ. ಹಿಗ್ಗಿದ್ದಕ್ಕಿಂತ ಹೆಚ್ಚು ಹಿಗ್ಗಿದಂತೆ ಕಾಣುತ್ತದೆ. ಪಟ್ಟಿಯೇ ಉಬ್ಬಿ ಮೇಲೆದ್ದರೆ ಇದರ ತಿರುವುಮುರುವು. ಪುಡಿಗೆ ಶೇ 10ರಷ್ಟು ಕೊರಂಡಂ (ಅಲ್ಯೂಮಿನಿಯಂ ಆಕ್ಸೈಡ್ ಹರಳು) ಬೆರೆಸಿ. ಅದರ ಹಿಗ್ಗುವಿಕೆ ಗೊತ್ತಿರುವುದರಿಂದ ಎತ್ತರದ ತಪ್ಪನ್ನು ಕಳೆಯಬಹುದು.

ಓಟ

ಮೊದಲು ಕೋಣೆಯ ಉಷ್ಣತೆಯಲ್ಲೊಂದು ಸ್ಕ್ಯಾನ್. ನಿಮಿಷಕ್ಕೆ 5 ಡಿಗ್ರಿಯಂತೆ 200ಕ್ಕೆ ಏರಿಸಿ, ಅಲ್ಲಿಂದ 350ರವರೆಗೆ 10 ಡಿಗ್ರಿಗೊಮ್ಮೆ 10 ನಿಮಿಷ ನಿಲ್ಲಿಸಿ ಸ್ಕ್ಯಾನ್ ಮಾಡಿ. ಆಮೇಲೆ 50 ಡಿಗ್ರಿಯ ಹೆಜ್ಜೆ ಸಾಕು. ಗೋಥೈಟ್ ಒಡೆಯುವ ಹಂತದಲ್ಲಿ 20ರಿಂದ 45 ಡಿಗ್ರಿ ಕೋನ ಮಾತ್ರ ಬೇಗ ಓದಿ. ಇಲ್ಲವಾದರೆ ಸ್ಕ್ಯಾನ್ ಶುರುವಾದಾಗಿನ ಅದಿರೇ ಬೇರೆ, ಮುಗಿದಾಗಿನದೇ ಬೇರೆ ಆಗಿರುತ್ತದೆ.

24.7 ಡಿಗ್ರಿಯ ಗೋಥೈಟ್ ಪೀಕ್ ಕರಗುತ್ತಾ ಹೋದಂತೆ 38.7ರಲ್ಲಿ ಹೆಮಟೈಟ್ ಏಳುತ್ತದೆ, ಆದರೆ ಮೊಂಡಾಗಿ, ಅಗಲವಾಗಿ. 41.6ರದ್ದು ಮಾತ್ರ ಚೂಪಾಗಿರುತ್ತದೆ. ಯಂತ್ರ ಕೆಟ್ಟಿದೆ ಎಂದು ಗಾಬರಿ ಬೇಡ. ನೀರು ಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳುಳಿದು ಹರಳು ಕೆಲವು ದಿಕ್ಕಿನಲ್ಲಷ್ಟೇ ಕ್ರಮಬದ್ಧವಾಗಿರುವುದರ ಗುರುತು ಅದು. ಇನ್ನಷ್ಟು ಕಾಯಿಸಿದರೆ ಎಲ್ಲ ಪೀಕ್‌ಗಳೂ ಚೂಪಾಗುತ್ತವೆ. ಜೇಡಿ ಬೆರೆತಿದೆ ಎಂಬ ಅನುಮಾನವಿದ್ದರೆ 14.4 ಡಿಗ್ರಿ ಕೋನದ ಆಚೀಚೆಯೂ ನೋಡಿ: ಜೇಡಿ ಖನಿಜವಾದ ಕೆಯೊಲಿನೈಟ್‌ನ ಪೀಕ್ 500–600 ಡಿಗ್ರಿ ಸೆಲ್ಸಿಯಸ್ ನಡುವೆ ಮಾಯವಾಗುತ್ತದೆ.

ಬಳ್ಳಾರಿಯ ಏಪ್ರಿಲ್, ಮೇ 40 ಡಿಗ್ರಿ ದಾಟುವ ತಿಂಗಳುಗಳು. ಟ್ಯೂಬ್ ತಣಿಸುವ ಚಿಲ್ಲರ್ ಸೋತರೆ ಟ್ಯೂಬ್ ತಾನೇ ಆಫ್ ಆಗಿ ಅರ್ಧ ಓಟ ಹಾಳು. ಚಿಲ್ಲರ್‌ಗೆ ಬೋರ್‌ವೆಲ್ ನೀರು ಸುರಿಯಬೇಡಿ, ಸುಣ್ಣ ಕಟ್ಟಿ ಕೊಳವೆ ಮುಚ್ಚುತ್ತದೆ.

ಸ್ಪಾಂಜ್ ಐರನ್ (ಕರಗಿಸದೆ ಅದಿರಿನ ಆಕ್ಸಿಜನ್ ಕಳೆದು ಪಡೆದ ಕಬ್ಬಿಣ) ಗೂಡಿನ ಸ್ಥಿತಿ ನೋಡಲು ಹೈಡ್ರೋಜನ್ ಅಥವಾ ಕಾರ್ಬನ್ ಮೊನಾಕ್ಸೈಡ್ ಹಾಯಿಸುವುದಾದರೆ ಪ್ಲಾಟಿನಂ ಪಟ್ಟಿ ತೆಗೆದು, ಸುತ್ತಲಿಂದ ಕಾಯಿಸುವ ಚೇಂಬರ್‌ನಲ್ಲಿ ಅಲ್ಯೂಮಿನಾ ಬಟ್ಟಲಿಡಿ. ಅಪಕರ್ಷಣೆಯಿಂದ (ಆಕ್ಸಿಜನ್ ಕಳೆದು) ಹುಟ್ಟಿದ ಕಬ್ಬಿಣ ಬಿಸಿ ಪ್ಲಾಟಿನಂ ಜೊತೆ ಬೆರೆತು ಮಿಶ್ರಲೋಹವಾಗುತ್ತದೆ. ಆ ಪಟ್ಟಿ ಮತ್ತೆ ಕೆಲಸಕ್ಕೆ ಬಾರದು, ಅದರ ಬೆಲೆಯಂತೂ ಕೇಳಲೇಬೇಡಿ.