ಹಳೇ ಕ್ಯಾಟರ್‌ಪಿಲ್ಲರ್ ಡೋಜರ್ ಸ್ಟಾರ್ಟ್ ಮಾಡುವುದು ಹೇಗೆ: ಮೊದಲು ಮರಿ ಇಂಜಿನ್, ಆಮೇಲೆ ದೊಡ್ಡದು

ಹಳೇ ಡೋಜರ್ ಹತ್ತಿ ಕೂತ ಕೂಡಲೇ ಸೆಲ್ಫ್ ಬಟನ್ ಹುಡುಕಬೇಡಿ. ಕ್ಯಾಟರ್‌ಪಿಲ್ಲರ್ ಕಂಪನಿ 1931ರಲ್ಲಿ ಮೊದಲ ಡೀಸೆಲ್ ಟ್ರಾಕ್ಟರ್ ತಂದಾಗ ಅದರಲ್ಲಿ ಇದ್ದದ್ದು ಎರಡು ಇಂಜಿನ್. ಒಂದು ದೊಡ್ಡ ಡೀಸೆಲ್, ಅದರ ಪಕ್ಕೆಗೆ ಅಂಟಿಕೊಂಡಂತೆ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲ್ ಇಂಜಿನ್. ಆಗಿನ ಬ್ಯಾಟರಿಗೆ ಚಳಿಯಲ್ಲಿ ಅಷ್ಟು ದೊಡ್ಡ ಡೀಸೆಲ್ ಇಂಜಿನನ್ನು ತಿರುಗಿಸುವ ತಾಕತ್ತು ಇರಲಿಲ್ಲ. ಅದಕ್ಕೇ ಈ ಪುಟ್ಟದು. ಇಲ್ಲಿನವರು ಇದನ್ನು ಪೋನಿ ಮೋಟರ್ ಅನ್ನುತ್ತಾರೆ, ನನಗೆ ಮರಿ ಇಂಜಿನ್ ಅನ್ನುವುದೇ ಸರಿ ಅನಿಸುತ್ತೆ.

ಇಲ್ಲಿ ಅಂದರೆ ಕ್ಯಾಲಿಫೋರ್ನಿಯಾದ ಸ್ಯಾನ್ ವಾಕೀನ್ ಕಣಿವೆ. ಪಕ್ಕದ ಅಕ್ರೋಟು ತೋಟದ ಅಜ್ಜನ ಹತ್ತಿರ ಕ್ಯಾಟರ್‌ಪಿಲ್ಲರ್‌ನ ಡಿ4 ಅನ್ನುವ ಮಾದರಿಯ ಡೋಜರ್ ಇದೆ, ನಾನು ಕಲಿತದ್ದೆಲ್ಲ ಅವರಿಂದ. ಈ ಯಂತ್ರದ ತವರೂ ಇದೇ ಕಣಿವೆ. ಸ್ಟಾಕ್‌ಟನ್ ಸುತ್ತಲಿನ ಮೆತ್ತನೆ ಮಣ್ಣಿನಲ್ಲಿ ಚಕ್ರ ಹೂತು ಹೋಗುತ್ತಿದ್ದವು. ಆ ಊರಿನ ಬೆಂಜಮಿನ್ ಹೋಲ್ಟ್ 1904ರ ನವೆಂಬರ್ 24ರಂದು ಚಕ್ರದ ಬದಲು ಚೈನ್ ಹಾಕಿದ ಯಂತ್ರ ಓಡಿಸಿ ನೋಡಿದರು. 1925ರಲ್ಲಿ ಹೋಲ್ಟ್ ಮತ್ತು ಬೆಸ್ಟ್ ಕಂಪನಿಗಳು ಒಂದಾಗಿ ಕ್ಯಾಟರ್‌ಪಿಲ್ಲರ್ ಆಯಿತು. ನಮ್ಮಪ್ಪ ಕೆಜಿಎಫ್‌ನ ಬಿಇಎಂಎಲ್‌ನಲ್ಲಿ ಇದ್ದವರು, ಮನೆಯಲ್ಲಿ ಡೋಜರ್ ಮಾತು ಕೇಳುತ್ತಲೇ ಬೆಳೆದವನು ನಾನು. ಆದರೂ ಒಂದು ಇಂಜಿನ್ ಇನ್ನೊಂದನ್ನು ಎಬ್ಬಿಸುವುದನ್ನು ಕಣ್ಣಾರೆ ಕಂಡದ್ದು ಈ ತೋಟದಲ್ಲೇ.

ಮೊದಲು ನಂಬರ್ ಪ್ಲೇಟ್ ಒರೆಸಿ ಓದಿ. ಸೀರಿಯಲ್ ನಂಬರಿನ ಮೊದಲ ಅಕ್ಷರಗಳೇ ಯಂತ್ರದ ಜಾತಕ. 7ಯು ಅಂತ ಇದ್ದರೆ ಅದು 1947ರಿಂದ 1959ರವರೆಗೆ ಬಂದ ಡಿ4, ಒಂದು ಚೈನಿನ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 60 ಇಂಚು. 6ಯು ಆದರೆ ಅದೇ ಡಿ4, ಆದರೆ 44 ಇಂಚು. ಈ ನಂಬರ್ ಗೊತ್ತಿಲ್ಲದೆ ಪಾರ್ಟ್ಸ್ ಹುಡುಕಲು ಹೋಗಬೇಡಿ.

ಆಮೇಲೆ ಆಯಿಲ್. ಮರಿ ಇಂಜಿನಿಗೆ ಬೇರೆ ಸಂಪ್ (ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ), ದೊಡ್ಡದಕ್ಕೆ ಬೇರೆ. ಮರಿ ಇಂಜಿನಿನ ಆಯಿಲ್ ಸುಮ್ನೆ ನೋಡಿದರೆ ಸಾಲದು, ಮೂಸಿ ನೋಡಿ. ಕಾರ್ಬುರೇಟರಿನ ಫ್ಲೋಟ್ ಸರಿಯಾಗಿ ಕೂರದೆ, ಯಾರೋ ಪೆಟ್ರೋಲ್ ಕೊಳಾಯಿ ಮುಚ್ಚಲು ಮರೆತಿದ್ದರೆ ರಾತ್ರಿಯೆಲ್ಲ ಪೆಟ್ರೋಲ್ ಸೋರಿ ಸಂಪಿಗೆ ಇಳಿದಿರುತ್ತೆ. ಆಯಿಲ್ ನೀರಿನಂತೆ ತೆಳ್ಳಗಿದ್ದು ಪೆಟ್ರೋಲ್ ವಾಸನೆ ಬಂದರೆ ಪೂರ್ತಿ ಇಳಿಸಿ ಹೊಸದು ಹಾಕಿ. ಹಾಗೇ ಓಡಿಸಿದರೆ ಬೇರಿಂಗ್ ಹೋಗುತ್ತೆ, ಬೆಂಕಿ ಹತ್ತಿದರೂ ಹತ್ತಬಹುದು.

ವರ್ಷಗಟ್ಟಲೆ ನಿಂತ ಯಂತ್ರವಾದರೆ ಇನ್ನೊಂದು ಕೆಲಸ ಇದೆ, ಇದನ್ನು ಮಾತ್ರ ಬಿಡಬೇಡಿ. ಡೀಸೆಲ್ ಪಂಪಿನಲ್ಲಿ ಇಂಜಿನಿಗೆ ಹೋಗುವ ಡೀಸೆಲನ್ನು ಹೆಚ್ಚು ಕಡಿಮೆ ಮಾಡುವ ಸರಳು, ಅಂದರೆ ರ‍್ಯಾಕ್ ಸಲೀಸಾಗಿ ಜಾರುತ್ತಿದೆಯಾ ನೋಡಿ. ಅದು ತೆರೆದ ಕಡೆ ಜಾಮ್ ಆಗಿದ್ದರೆ ಇಂಜಿನ್ ಸ್ಟಾರ್ಟ್ ಆದಮೇಲೆ ಸ್ಪೀಡ್ ಏರುತ್ತಲೇ ಹೋಗುತ್ತೆ, ಲಿವರ್ ಎಳೆದರೂ ನಿಲ್ಲುವುದಿಲ್ಲ. ಆಗ ನಿಲ್ಲಿಸಲು ಗಾಳಿ ಒಳಗೆ ಹೋಗುವ ಬಾಯಿ ಮುಚ್ಚಬೇಕು. ಅದಕ್ಕಾಗಿ ಅಜ್ಜ ಒಂದು ಚಪ್ಪಟೆ ಹಲಗೆ ತುಂಡನ್ನು ಯಾವಾಗಲೂ ಬಾನೆಟ್ ಮೇಲೆ ಇಟ್ಟಿರುತ್ತಾರೆ. ಬರಿಗೈ ಅಡ್ಡ ಇಡಲು ಹೋಗಬೇಡಿ.

ಈಗ ಗೇರ್ ನ್ಯೂಟ್ರಲ್, ದೊಡ್ಡ ಕ್ಲಚ್ ಬಿಡಿಸಿ, ಡೀಸೆಲ್ ಲಿವರ್ ಪೂರ್ತಿ ಬಂದ್. ಕಂಪ್ರೆಷನ್ ಲಿವರನ್ನು ಸ್ಟಾರ್ಟ್ ಕಡೆ ಇಡಿ. ಆಗ ವಾಲ್ವ್ ತೆರೆದೇ ಇರುತ್ತೆ, ಒತ್ತಡ ಕಟ್ಟುವುದಿಲ್ಲ, ದೊಡ್ಡ ಇಂಜಿನ್ ಹಗುರಾಗಿ ತಿರುಗುತ್ತೆ.

ಪೆಟ್ರೋಲ್ ಕೊಳಾಯಿ ತೆರೆದು, ಕಿಡಿ ಕೊಡುವ ಮ್ಯಾಗ್ನೆಟೋದ ಸ್ವಿಚ್ ಹಾಕಿ, ಚೋಕ್ ಎಳೆಯಿರಿ. ಕೆಲವಕ್ಕೆ ಹಗ್ಗ, ಕೆಲವಕ್ಕೆ ಹ್ಯಾಂಡಲ್, ಇನ್ನು ಕೆಲವಕ್ಕೆ ಮರಿ ಇಂಜಿನಿಗೇ ಒಂದು ಪುಟ್ಟ ಸೆಲ್ಫ್. ಹಗ್ಗವಾದರೆ ಕೈಗೆ ಸುತ್ತಿಕೊಳ್ಳಬೇಡಿ. ಹ್ಯಾಂಡಲ್ ಆದರೆ ಹೆಬ್ಬೆರಳು ಉಳಿದ ನಾಲ್ಕು ಬೆರಳಿನ ಕಡೆಗೇ ಇರಲಿ, ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಇಂಜಿನ್ ಹಿಂದಕ್ಕೆ ಒದೆಯುತ್ತೆ, ಒದ್ದಾಗ ಹ್ಯಾಂಡಲ್ ಬೆರಳಿನಿಂದ ತಾನಾಗಿ ಜಾರಿ ಹೋಗಬೇಕು. ನಾನು ಒಂದು ಚಳಿಗಾಲದ ಬೆಳಿಗ್ಗೆ ಹೆಬ್ಬೆರಳು ಸುತ್ತಿ ಹಿಡಿದೆ. ಮೂರು ವಾರ ಪೆನ್ನು ಹಿಡಿಯಲು ಆಗಲಿಲ್ಲ.

ಮರಿ ಇಂಜಿನ್ ಶುರುವಾಯಿತಾ? ಅವಸರ ಬೇಡ. ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಇದು ಬರೀ ಸ್ಟಾರ್ಟರ್ ಅಲ್ಲ, ದೊಡ್ಡ ಇಂಜಿನಿನ ಒಲೆ ಕೂಡ. ಎರಡಕ್ಕೂ ಒಂದೇ ರೇಡಿಯೇಟರ್ ನೀರು, ಹಾಗಾಗಿ ಮರಿ ಬಿಸಿಯಾದಂತೆ ದೊಡ್ಡದರ ಮೈಯೂ ಬೆಚ್ಚಗಾಗುತ್ತೆ. ಮರಿಯ ಹೊಗೆ ಕೊಳವೆಯೂ ದೊಡ್ಡದು ಗಾಳಿ ಎಳೆಯುವ ದಾರಿಯನ್ನು ಬಿಸಿ ಮಾಡಿಕೊಂಡೇ ಹೊರಗೆ ಹೋಗುತ್ತೆ. ಎಷ್ಟು ಚೆಂದದ ಲೆಕ್ಕಾಚಾರ ಅಲ್ವಾ? ಕೆಲವು ನಿಮಿಷ ಓಡಲು ಬಿಡಿ, ಚಳಿ ಇದ್ದರೆ ಇನ್ನೂ ಜಾಸ್ತಿ.

ನಂತರ ಮರಿ ಇಂಜಿನಿನ ಕ್ಲಚ್ ಬಿಡಿಸಿ, ಪಿನಿಯನ್ (ಮರಿಯ ಪುಟ್ಟ ಹಲ್ಲು ಚಕ್ರ) ಲಿವರ್ ಒತ್ತಿ ಅದನ್ನು ದೊಡ್ಡ ಇಂಜಿನಿನ ಫ್ಲೈವೀಲಿನ ಹಲ್ಲಿಗೆ ಕೂರಿಸಿ. ಕರ್ ಅಂತ ಸದ್ದು ಬಂದರೆ ಪಿನಿಯನ್ ಇನ್ನೂ ತಿರುಗುತ್ತಿದೆ ಅಂತ ಅರ್ಥ. ಬಲ ಹಾಕಬೇಡಿ. ಕ್ಲಚ್ ಲಿವರನ್ನು ಬಿಡಿಸಿದ ಕಡೆಗೇ ಇನ್ನಷ್ಟು ಒತ್ತಿದರೆ ಒಳಗಿನ ಬ್ರೇಕ್ ಹಿಡಿದು ಪಿನಿಯನ್ ನಿಲ್ಲುತ್ತೆ, ಆಗ ಹಲ್ಲು ಸದ್ದಿಲ್ಲದೆ ಕೂರುತ್ತೆ. ಈಗ ಕ್ಲಚ್ ನಿಧಾನಕ್ಕೆ ಕೊಡಿ. ಮರಿಯ ಸದ್ದು ಒಂದು ಕ್ಷಣ ಕುಗ್ಗಿ, ಮತ್ತೆ ಏರಿ, ದೊಡ್ಡ ಇಂಜಿನ್ ಉಸ್ ಉಸ್ ಅಂತ ತಿರುಗಲು ಶುರು ಮಾಡುತ್ತೆ. ಆಯಿಲ್ ಪ್ರೆಷರ್ ಮುಳ್ಳು ಮೇಲೇಳುವವರೆಗೆ ಹೀಗೇ ತಿರುಗಲಿ. ಒಳಗೆ ಡೀಸೆಲ್ ಹೊತ್ತಿಕೊಳ್ಳುವ ಮೊದಲೇ 70 ವರ್ಷದ ಬೇರಿಂಗಿಗೆ ಎಣ್ಣೆ ಸಿಗುವುದು ಅಂದರೆ ಸಣ್ಣ ಮಾತಲ್ಲ.

ಕಂಪ್ರೆಷನ್ ಲಿವರನ್ನು ರನ್ ಕಡೆ ಹಾಕಿ. ಮರಿ ಏದುಸಿರು ಬಿಡುತ್ತೆ, ಹೆದರಬೇಡಿ, ಅದರ ಕೆಲಸವೇ ಅದು. ಒಂದೆರಡು ಸುತ್ತು ಬಿಟ್ಟು ಡೀಸೆಲ್ ಲಿವರ್ ಸ್ವಲ್ಪ ತೆರೆಯಿರಿ. ಒಂದು ಸಿಲಿಂಡರ್ ಧಡ್ ಅನ್ನುತ್ತೆ, ಬಿಳಿ ಹೊಗೆ ಬರುತ್ತೆ, ಆಮೇಲೆ ನಾಲ್ಕೂ ಜೊತೆಗೂಡುತ್ತವೆ. ಆ ಸದ್ದು ಕೇಳಿದರೆ ಅಜ್ಜ ಈಗಲೂ ಟೋಪಿ ಸರಿಮಾಡಿಕೊಳ್ಳುತ್ತಾರೆ. ದೊಡ್ಡದು ಓಡಿದ ಕೂಡಲೇ ಪಿನಿಯನ್ ತಾನಾಗಿ ಬಿಟ್ಟುಕೊಳ್ಳಬೇಕು, ನೀವೂ ಕ್ಲಚ್ ತಕ್ಷಣ ಬಿಡಿಸಿ. ಪಿನಿಯನ್ ಬಿಡದೆ ಕ್ಲಚ್ಚೂ ಹಿಡಿದೇ ಇದ್ದರೆ ದೊಡ್ಡದು ಮರಿಯನ್ನು ಮಿತಿ ಮೀರಿ ತಿರುಗಿಸಿ ಚೂರು ಮಾಡುತ್ತೆ.

ಮರಿಯನ್ನು ಸ್ವಿಚ್ಚಿನಿಂದ ಆರಿಸಬೇಡಿ. ಪೆಟ್ರೋಲ್ ಕೊಳಾಯಿ ಮುಚ್ಚಿ, ಕಾರ್ಬುರೇಟರಿನಲ್ಲಿ ಉಳಿದದ್ದು ಖಾಲಿಯಾಗಿ ತಾನೇ ನಿಲ್ಲಲಿ. ಹೀಗೆ ಮಾಡಿದರೆ ಒಳಗೆ ಪೆಟ್ರೋಲ್ ಉಳಿದು ಗೋಂದಾಗುವುದಿಲ್ಲ, ಸಂಪಿಗೆ ಸೋರುವುದೂ ಇಲ್ಲ. ಆಮೇಲೆ ಸ್ವಿಚ್ ಆಫ್ ಮಾಡಿ.

ಇದನ್ನೆಲ್ಲ ಓದಿ ಕಲಿಯುವುದಕ್ಕಿಂತ ಓಡಿಸಿದವರ ಪಕ್ಕದಲ್ಲಿ ನಿಂತು ಕಲಿಯುವುದು ಮೇಲು. ಅಮೆರಿಕದಲ್ಲಿ ಇದ್ದರೆ ಓಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಇಂಥ ಯಂತ್ರಗಳಿಗೇ ಒಂದು ಮ್ಯೂಸಿಯಂ ಇದೆ. ಹೋದರೆ ಅಲ್ಲಿನ ಹಿರಿಯರನ್ನು ಮಾತಿಗೆ ಎಳೆಯಿರಿ, ಯಾವ ಲಿವರ್ ಯಾವಾಗ ಅನ್ನುವುದು ಅವರ ಕೈಯಲ್ಲೇ ಇದೆ.

ಕೆಲಸ ಮುಗಿದಾಗ ಡೀಸೆಲ್ ಇಂಜಿನನ್ನು ಐದು ನಿಮಿಷ ನಿಧಾನಕ್ಕೆ ಓಡಿಸಿ ಆರಿಸಿ. ಬ್ಲೇಡ್ ನೆಲಕ್ಕೆ ಇಳಿಸಿ. ಹೊಗೆ ಕೊಳವೆ ಆರಿದ ಮೇಲೆ ಅದರ ಬಾಯಿಗೆ ಒಂದು ಹಳೇ ತಗಡಿನ ಡಬ್ಬ ಬೋರಲು ಹಾಕಿ, ಒಂದೇ ಮಳೆಯ ನೀರು ಒಳಗೆ ಇಳಿದರೂ ವಾಲ್ವ್ ತುಕ್ಕು ಹಿಡಿದು ಕೂರುತ್ತೆ.