ದೊಡ್ಡ ಅರೇಗೆ ಜಾಗ ಕೇಳುವುದು ಹೇಗೆ?

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಪುಣೆಯ ಹಿಂಜವಡಿಗೆ ಇಂಟರ್ನ್ ಆಗಿ ಬರುವ ಹುಡುಗರು ಸಿ ಭಾಷೆಯ ಪ್ರೋಗ್ರಾಮ್ ಚೆನ್ನಾಗಿಯೇ ಬರೆಯುತ್ತಾರೆ. ಅರೇ (ಒಂದೇ ಬಗೆಯ ಮಾಹಿತಿಯನ್ನು ಸಾಲಾಗಿ ಇಡುವ ಮನೆಗಳು) ದೊಡ್ಡದಾದಾಗ ಮಾತ್ರ ಹೆಚ್ಚುಕಡಿಮೆ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಪುಣೆ ನಕ್ಷೆಯ 70,000 ಜಾಗಗಳು ಒಂದಕ್ಕೊಂದು ಎಷ್ಟು ದೂರ ಅನ್ನುವ ಪಟ್ಟಿ ಬೇಕು ಅಂದುಕೊಳ್ಳಿ.

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. 70,000 ಇಂಟು 70,000, ಅಂದರೆ 490 ಕೋಟಿ ಮನೆಗಳು; ದಶಮಾಂಶ ಸಂಖ್ಯೆ ಹಿಡಿಯುವ ಡಬಲ್ ಆದರೆ ಒಂದೊಂದಕ್ಕೆ 8 ಬೈಟ್, ಒಟ್ಟು 39.2 ಜಿಬಿ. ಡಬಲ್ ಬದಲು ಚಿಕ್ಕದಾದ ಫ್ಲೋಟ್ ಸಾಕಾದರೆ ಅರ್ಧ. ಅಷ್ಟು ರ್‍ಯಾಮ್ ಇಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಿ.

ಎರಡನೆಯದು ಗುಣಾಕಾರ. ಕೆಡುವುದೆಲ್ಲ ಇಲ್ಲೇ. ಮೆಮೊರಿಯಲ್ಲಿ ಜಾಗ ಕೇಳುವ ಮ್ಯಾಲಾಕ್ ಒಳಗೆ 'ಎನ್ ಇಂಟು ಎನ್ ಇಂಟು ಸೈಜ್‌ಆಫ್ ಡಬಲ್' ಎಂದು ಬರೆಯುತ್ತಾರೆ (ಎನ್ ಅಂದರೆ ನಕ್ಷೆಯ ಜಾಗಗಳೆಷ್ಟು ಎಂಬುದು, ಸೈಜ್‌ಆಫ್ ಡಬಲ್ ಅಂದರೆ ಒಂದು ಡಬಲ್‌ಗೆ ಎಷ್ಟು ಬೈಟ್ ಎಂಬುದು). ಎನ್ ಇಂಟ್ (32 ಬಿಟ್‌ನ ಪೂರ್ಣಾಂಕ) ಆಗಿದ್ದರೆ, ಎಡಗಡೆಯ ಎರಡು ಎನ್‌ಗಳ ಗುಣಾಕಾರ 32 ಬಿಟ್‌ನಲ್ಲೇ ಮುಗಿದುಹೋಗುತ್ತದೆ. ಇಂಟ್ ಹಿಡಿಯುವುದು 2,14,74,83,647ರವರೆಗೆ ಮಾತ್ರ. ಮೀರಿದರೆ ಏನಾಗುತ್ತದೆ ಎಂದು ಸಿ ಭಾಷೆ ಮಾತು ಕೊಡುವುದಿಲ್ಲ; ಸಾಮಾನ್ಯವಾಗಿ ಮೇಲಿನ ಬಿಟ್‌ಗಳು ಉದುರಿಹೋಗುತ್ತವೆ. ಎನ್ 50,000 ಇದ್ದರೆ ಉತ್ತರ ಮೈನಸ್. ಮ್ಯಾಲಾಕ್‌ಗೆ ಅದು ಅತಿ ದೊಡ್ಡ ಸಂಖ್ಯೆಯಾಗಿ ಕಂಡು ನಲ್ (ಜಾಗ ಸಿಗಲಿಲ್ಲ ಎಂಬ ಗುರುತು) ಕೊಡುತ್ತದೆ. ತಪ್ಪು ಅಲ್ಲೇ ಸಿಕ್ಕಿತಲ್ಲ, ಪುಣ್ಯ. 70,000 ಇದ್ದರೆ ಉಳಿಯುವುದು 60,50,32,704. ಯಾರಿಗೂ ಅನುಮಾನ ಬಾರದ ಸಂಖ್ಯೆ! ಮ್ಯಾಲಾಕ್ 4.8 ಜಿಬಿ ಕೊಟ್ಟು ಸುಮ್ಮನಾಗುತ್ತದೆ. 8,643 ಸಾಲು ತುಂಬುವವರೆಗೆ ಎಲ್ಲ ಸರಿ. ಮುಂದಿನ ಸಾಲಿನ ನಡುವೆ ನಮ್ಮದಲ್ಲದ ಜಾಗಕ್ಕೆ ಕೈ ಹಾಕಿರುತ್ತೇವೆ.

ಮೊದಲ ಎನ್‌ಗೇ ಸೈಜ್-ಟಿ ಕಾಸ್ಟ್ ಹಾಕಿ, ಅಂದರೆ ಅದನ್ನು 64 ಬಿಟ್ ಮೆಷಿನ್‌ನಲ್ಲಿ 64 ಬಿಟ್ ಇರುವ ಸೈಜ್-ಟಿ ಎಂಬ ಬಗೆಗೆ ಬದಲಿಸಿ. ಎನ್ ಇಂಟು ಎನ್ ಅನ್ನು ಬ್ರಾಕೆಟ್‌ನೊಳಗಿಟ್ಟು ಹೊರಗೆ ಕಾಸ್ಟ್ ಮಾಡಿದರೆ ಸುಖವಿಲ್ಲ, ಅಷ್ಟರಲ್ಲಿ ಉತ್ತರ ಕೆಟ್ಟಿರುತ್ತದೆ. ಎನ್ ಅನ್ನೇ ಸೈಜ್-ಟಿ ಮಾಡುವುದು ಇನ್ನೂ ಒಳ್ಳೆಯದು. 'ಇಂಟ್ ಬದಲು ಲಾಂಗ್ ಹಾಕು, ಸಾಕು' ಅನ್ನುವವರ ಮಾತು ಕೇಳಬೇಡಿ. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, ವಿಂಡೋಸ್‌ನಲ್ಲಿ ಈಗಲೂ 32.

ಇಂಡೆಕ್ಸ್‌ನಲ್ಲಿ (ಮನೆಯ ನಂಬರ್) ಬರುವ 'ಐ ಇಂಟು ಎನ್ ಪ್ಲಸ್ ಜೆ' (ಐ ಸಾಲಿನ ನಂಬರ್, ಜೆ ಸಾಲಿನೊಳಗಿನ ಸ್ಥಾನ) ಕೂಡ ಅದೇ ಗುಣಾಕಾರ ಅಲ್ವಾ? ಮ್ಯಾಲಾಕ್ ಸರಿಮಾಡಿ ಇದನ್ನು ಮರೆಯುವವರೇ ಜಾಸ್ತಿ. ಇಲ್ಲಿ ಇಂಟ್ ಹಾಗೇ ಉಳಿದಿದ್ದರೆ, ಎನ್ 70,000 ಇದ್ದಾಗ ಐ 30,678 ಆದಾಗ ಮತ್ತೆ ಮೀರುತ್ತದೆ. 'ಐ ಸೊನ್ನೆ ಅಥವಾ ಹೆಚ್ಚು ಇರುವವರೆಗೆ' ಎಂದು ಹಿಂದಕ್ಕೆ ಎಣಿಸುವ ಲೂಪ್ ಇದ್ದರೆ ಮಾತ್ರ ಹುಷಾರು: ಸೈಜ್-ಟಿಗೆ ಮೈನಸ್ ಗೊತ್ತಿಲ್ಲ, ಆ ಲೂಪ್ ನಿಲ್ಲುವುದೇ ಇಲ್ಲ.

ಆಮೇಲೆ ನಲ್ ಚೆಕ್ ಮಾಡಿ. ಜಿಸಿಸಿ ಕಂಪೈಲರ್‌ನ ಅನ್‌ಡಿಫೈನ್ಡ್ ಸ್ಯಾನಿಟೈಸರ್ (ಓಡುವಾಗ ಇಂಥ ತಪ್ಪು ಹಿಡಿಯುವ ಸೌಲಭ್ಯ) ಹಾಕಿ ಒಮ್ಮೆ ಓಡಿಸಿ. ಇಂಟ್ ಎಲ್ಲಿ ಮೀರಿತು ಎಂದು ಸಾಲಿನ ನಂಬರ್ ಸಮೇತ ಹೇಳುತ್ತದೆ. ಬರೀ ಕಂಪೈಲರ್ ವಾರ್ನಿಂಗ್ ನಂಬಿ ಕೂರಬೇಡಿ, ಎನ್ ಎಷ್ಟು ಅಂತ ಓಡುವಾಗ ತಾನೇ ಗೊತ್ತಾಗುವುದು.

ಜಾವಾದವರಿಗೆ ಈ ಕಾಸ್ಟ್ ಉಪಯೋಗವಿಲ್ಲ. ಅಲ್ಲಿ ಅರೇಯ ಉದ್ದವೇ ಇಂಟ್, ಮೆಷಿನ್ 64 ಬಿಟ್ ಆದರೂ ಅಷ್ಟೇ. ಸಾಲಿಗೊಂದು ಅರೇ ಮಾಡಿಕೊಳ್ಳಿ.